ಬಿತ್ತಿದ್ದೆಲ್ಲ ಮೊಳೆಯುವುದೇ?

ಹೆಸರುಕಾಳನ್ನು ನೆನೆಸಿ ಒದ್ದೆಬಟ್ಟೆಯಲ್ಲಿ ಕಟ್ಟಿಡುವ ಗೃಹಿಣಿಗೆ ಮೊಳಕೆಯೆಂಬುದು ಒಂದೆರಡು ದಿನದ ಮಾತು. ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಅವರೆಯನ್ನು ಬಿತ್ತುವ ರೈತನಿಗಾದರೋ ಅದು ವರ್ಷದ ಬಾಳಿನ ಪ್ರಶ್ನೆ. ಮುಂಗಾರಿನ ಹದ ನಿಲ್ಲುವುದು ಕೆಲವೇ ದಿನ. ಬೀಜ ಏಳದಿದ್ದರೆ ಸಾಲಮಾಡಿಯಾದರೂ ಬೇರೆ ಬೀಜವನ್ನು ತರಬಹುದು. ಕಳೆದ ಹದವನ್ನು ತರಲಾಗದು.

ಇಂತಹ ಸಂದರ್ಭದಲ್ಲಿ ಬೀಜ ಕಳಪೆಯೆಂದು ಕೊಂಡವನೂ, ಮಣ್ಣಿನಲ್ಲಿ ರೋಗವಿದೆಯೆಂದು ಮಾರಿದವನೂ ವಾದಿಸುವುದುಂಟು. ವಿಚಾರಿಸಿ ನೋಡಿದರೆ ಇವೆರಡೂ ಒಂದಕ್ಕೊಂದು ಹೆಣೆದುಕೊಂಡ ಕಾರಣಗಳು.

ಸೋಯಾ ಬೀಜ ನೋಡಲು ಗಟ್ಟಿ. ಸ್ವಭಾವದಲ್ಲಿ ಬಲು ಸುಕುಮಾರ. ಅದರ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಸಸಾರಜನಕ, 20 ಪಾಲು ಎಣ್ಣೆ. ಸಿಪ್ಪೆ ತೆಳು, ಬೇರಾಗಬೇಕಾದ ಎಳೆಯ ಭಾಗ ಅದರ ಅಡಿಯಲ್ಲಿಯೇ ಇರುತ್ತದೆ. ಒಕ್ಕಣೆಯ ಯಂತ್ರದ ಪೆಟ್ಟಿಗೆ, ಎತ್ತರದಿಂದ ಎಸೆದ ಮೂಟೆಯ ಆಘಾತಕ್ಕೆ ಅದು ಒಳಗೇ ಗಾಯಗೊಳ್ಳುತ್ತದೆ. ಸೆಕೆ, ತೇವಗಳಲ್ಲಿ ಕೂಡಿಟ್ಟರೆ ಬೇಗನೆ ಮುಪ್ಪಡರುತ್ತದೆ. ಇಂತಹ ಬೀಜ ನೀರು ಹೀರಿದೊಡನೆ ತನ್ನೊಳಗಿನ ಸಕ್ಕರೆಯನ್ನು ಮಣ್ಣಿಗೆ ಸೋರಗೊಡುತ್ತದೆ. ನೀರು ನಿಂತ ಮಣ್ಣಿನಲ್ಲಿ ಕಾದಿರುವ ಪಿಥಿಯಂ ಎಂಬ ರೋಗಾಣುವಿಗೆ ಅದೇ ಔತಣದ ಕರೆ. ಮಣ್ಣು ಕಾದು ಒಣಗಿದರೆ ಮ್ಯಾಕ್ರೋಫೋಮಿನಾ ಎಂಬ ಶಿಲೀಂಧ್ರದ ಸರದಿ. ಇವುಗಳ ನಡುವೆ ಸಸಿ ಕೊಕ್ಕೆಯಂತೆ ಬಾಗಿ, ಎರಡು ಬೀಜದಳಗಳನ್ನೂ ಎಳೆದುಕೊಂಡು ಮೇಲೇಳಬೇಕು. ನಿಶ್ಶಕ್ತ ಬೀಜ ತಡಮಾಡುತ್ತದೆ. ತಡವಾದಷ್ಟೂ ರೋಗಕ್ಕೆ ಅವಕಾಶ ಹೆಚ್ಚು.

ನಮ್ಮ ದೇಶದ ನಿಯಮದಂತೆ ಪ್ರಮಾಣಿತ ಸೋಯಾ ಬೀಜ ನೂರಕ್ಕೆ 70ರಷ್ಟಾದರೂ ಮೊಳೆಯಬೇಕು. ಆದರೆ ಆ ಲೆಕ್ಕ ಪ್ರಯೋಗಶಾಲೆಯ ಹಿತವಾದ ತೇವ, ಶಾಖಗಳಲ್ಲಿ ಬಂದದ್ದು. ಬೀಜದ ಕಸುವನ್ನರಿಯಲು ಬೇರೊಂದು ಪರೀಕ್ಷೆಯುಂಟು: 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವ ತುಂಬಿದ ಗಾಳಿಯಲ್ಲಿ 72 ಗಂಟೆ ಇರಿಸಿ, ಬಳಿಕ ಮೊಳೆಯಿಸಿ ನೋಡುವುದು. ಇಷ್ಟು ಕಷ್ಟವುಂಡೂ ಮೊಳೆತ ಬೀಜವನ್ನು ಹೊಲಕ್ಕೆ ಧೈರ್ಯವಾಗಿ ಕಳುಹಿಸಬಹುದು.

ರೈತನ ಮನೆಯಲ್ಲಿ ಇಂತಹ ಸಲಕರಣೆಯಿಲ್ಲ. ನೂರು ಕಾಳನ್ನೆಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಬಿತ್ತುವ ಮುನ್ನವೇ ನೋಡುವುದು ಅವನಿಗೂ ಸಾಧ್ಯ. ಟ್ರೈಕೋಡರ್ಮಾ ಲೇಪನದಿಂದ ಬೀಜಕ್ಕೆ ರಕ್ಷಣೆಯುಂಟು. ಮೂರು ನಾಲ್ಕು ಸೆಂಟಿಮೀಟರಿಗಿಂತ ಆಳಕ್ಕಿಳಿಸದೆ ಬಿತ್ತಿದರೆ ಸಸಿಯ ಶ್ರಮವೂ ಕಡಿಮೆ. ಆದರೆ ಲೇಪನ ರೋಗವನ್ನು ತಡೆದೀತೇ ಹೊರತು ಸತ್ತ ಬೀಜಕ್ಕೆ ಜೀವ ತುಂಬಲಾರದು. ಮೂಟೆ ಹೊರುವವನಿಂದ ಉಗ್ರಾಣ ಕಾಯುವವನವರೆಗೆ ಬೀಜವನ್ನು ಮುಟ್ಟಿದ ಪ್ರತಿಯೊಬ್ಬನೂ ಆ ಬೆಳೆಗೆ ಹೊಣೆಗಾರನೆಂಬುದನ್ನು ಮರೆಯಲಾಗದು.