ಮೋಟರ್ ಯಾಕೆ ಸುಟ್ಟಿತು, ಹೇಳು ನೋಡೋಣ

‘ಯಾವ ಬ್ರಾಂಚು?’ ಎಂದು ಯಾರಾದರೂ ಕೇಳಿದರೆ ‘ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್’ ಎನ್ನುತ್ತೇನೆ. ‘ಯಾಕೆ, ಕಂಪ್ಯೂಟರ್ ಸೈನ್ಸ್ ಸಿಗಲಿಲ್ವಾ?’ ಎಂಬ ಮರುಪ್ರಶ್ನೆ ತಪ್ಪಿದ್ದಲ್ಲ. ನಿಜವಾಗಿಯೂ ಸಿಕ್ಕಿರಲಿಲ್ಲ. ಹಾಗಾಗಿ ಎರಡು ವರ್ಷ ನನ್ನದು ಯಾರಿಗೂ ಬೇಡವಾಗಿ ಉಳಿದ ಸೀಟು ಎಂದೇ ನಾನೂ ನಂಬಿದ್ದೆ.

ಕಳೆದ ರಜೆಯಲ್ಲಿ ದೇವರಗುಡ್ಡಕ್ಕೆ ಹೋದಾಗ ನಮ್ಮ ಬೋರ್‌ವೆಲ್ ಮೋಟರ್ ಸುಟ್ಟಿತ್ತು, ಒಂದೇ ವರ್ಷದಲ್ಲಿ ಎರಡನೇ ಸಲ. ಅದನ್ನು ಮೇಲೆತ್ತಿ, ರಾಣೆಬೆನ್ನೂರಿಗೆ ಒಯ್ದು, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವಷ್ಟರಲ್ಲಿ ಮೆಣಸಿನ ಗಿಡ ಬಾಡಿದ್ದವು. ಕಾಕಾ ಕೇಳಿದರು: ‘ಕರೆಂಟಿನ ಇಂಜಿನಿಯರಿಂಗ್ ಓದಾಕತ್ತೀಯಲ್ಲೋ ತಮ್ಮಾ, ಮೋಟರ್ ಯಾಕ ಸುಟ್ಟೈತಿ ಹೇಳು ನೋಡೋಣ.’

ಇಂಡಕ್ಷನ್ ಮೋಟರ್ ಪಾಠದಲ್ಲಿ ನನಗೆ ಒಳ್ಳೆಯ ಅಂಕ ಬಂದಿದೆ. ಆದರೆ ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದು ನೋಡಿದವನೇ ಅಲ್ಲ. ಮೇನ್ ಆಫ್ ಮಾಡಿಸಿ ಅವತ್ತು ತೆಗೆದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ರಿಲೇಯನ್ನು ಯಾರೋ ತಂತಿ ಹಾಕಿ ಬೈಪಾಸ್ ಮಾಡಿದ್ದರು. ಹಿಂದಿನ ವಾರ ಟಿ.ಸಿ.ಯ ಒಂದು ಫ್ಯೂಸ್ ಹೋಗಿತ್ತಂತೆ. ಹಾಗೆ ಮೂರರಲ್ಲಿ ಒಂದು ಫೇಸ್ ಹೋದರೂ ಓಡುತ್ತಿರುವ ಮೋಟರ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದೇ ಭಾರಕ್ಕೆ ಉಳಿದೆರಡು ತಂತಿಗಳಿಂದ ಸುಮಾರು 1.7 ಪಟ್ಟು ಕರೆಂಟ್ ಎಳೆಯುತ್ತದೆ, ಕಾದು ಸುಡುತ್ತದೆ. ಪುಸ್ತಕದಲ್ಲಿ ಇದು ‘ಸಿಂಗಲ್ ಫೇಸಿಂಗ್’ ಎಂಬ ಐದು ಅಂಕದ ಪ್ರಶ್ನೆ. ನಮ್ಮ ಹೊಲದಲ್ಲಿ ಇದು ಒಂದು ಬೆಳೆ.

ತಪ್ಪು ನನ್ನೊಬ್ಬನದೇ ಅಲ್ಲ. ಲ್ಯಾಬಿನಲ್ಲಿ ಒಂದು ಯಂತ್ರದ ಸುತ್ತ ಹದಿನೈದು ಜನ ನಿಲ್ಲುತ್ತೇವೆ. ಇಬ್ಬರು ರೀಡಿಂಗ್ ತೆಗೆದರೆ ಉಳಿದವರು ನಕಲು ಮಾಡುತ್ತಾರೆ. ಆರನೇ ಸೆಮಿಸ್ಟರ್ ಬರುತ್ತಲೇ ಎಲ್ಲರೂ ಕೋಡಿಂಗ್ ಕಡೆ ಓಡುತ್ತೇವೆ. ನಾನೂ ಕಲಿಯುತ್ತಿದ್ದೇನೆ, ಕೆಪಿಟಿಸಿಎಲ್, ಹೆಸ್ಕಾಂ ನೇಮಕಾತಿಯನ್ನೇ ಕಾಯುತ್ತ ಕುಳಿತರೆ ಮನೆ ನಡೆಯದು. ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ವಿಷಯ ಕೀಳೆಂದು ನಾಚಿಕೊಂಡು, ಅದನ್ನು ಕಲಿಯದೆಯೇ ಬಿಡುವುದು ತಪ್ಪು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ ನಾಡು ನಮ್ಮದು. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವಾಟ್‌ನದು. ಆದರೂ 7 ತಾಸಿನ ತ್ರೀಫೇಸ್ ಕರೆಂಟಿಗಾಗಿ ರೈತರು ರಾತ್ರಿ ಹೊಲದಲ್ಲಿ ಕಾಯುವುದು ತಪ್ಪಿಲ್ಲ. ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಜೋಡಿಸಿ ಹಗಲಲ್ಲೇ ಕರೆಂಟ್ ಕೊಡುವ ಕೆಲಸ ನಡೆದಿದೆ. ಅದನ್ನು ಕಟ್ಟಿ, ಕೆಡದಂತೆ ನೋಡಿಕೊಳ್ಳಬೇಕಾದವರು ಎಲೆಕ್ಟ್ರಿಕಲ್ ಓದಿದವರೇ ತಾನೆ?

ನಮ್ಮೂರಲ್ಲಿ ಮಹಾನವಮಿಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ಮಳೆ, ಬೆಳೆ ಹೇಗೋ ಎಂದು ಸಾವಿರಾರು ಜನ ಆ ಒಂದು ಮಾತಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಯಾವ ಬ್ರಾಂಚಿಗೆ ಸ್ಕೋಪ್ ಇದೆ ಎಂದು ನಾವು ವಿದ್ಯಾರ್ಥಿಗಳೂ ಹಾಗೆಯೇ ಕಾಯುತ್ತೇವೆ. ಆದರೆ ಅದಕ್ಕೆ ಕಾರಣಿಕ ನುಡಿಯುವವರು ಯಾರೂ ಇಲ್ಲ. ಗೆಳೆಯರೇ, ಸಿಕ್ಕ ಸೀಟನ್ನು ಹಳಿಯುವ ಬದಲು ರಜೆಯಲ್ಲಿ ಒಂದು ವಾರ ವೈಂಡಿಂಗ್ ಅಂಗಡಿಯಲ್ಲಿ ಕೂತು ನೋಡಿ. ನಾನು ಕೂತೆ. ರಿಲೇ ಸರಿಪಡಿಸಿ, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿದ್ದೇವೆ. ಈಗ ಕಾಕಾ ಪಕ್ಕದ ಹೊಲದವರ ಸ್ಟಾರ್ಟರ್ ನೋಡಲೂ ನನ್ನನ್ನೇ ಕರೆಯುತ್ತಾರೆ.