ಹೊಸ ಮನೆಯಲ್ಲಿ ಸ್ವಯಂಚಾಲನೆ: ಯಾರ ಅನುಕೂಲಕ್ಕೆ?

2024 ಮತ್ತು 2025ರಲ್ಲಿ ಕಾಫಿಗೆ ದೊರೆತ ಉತ್ತಮ ಬೆಲೆಯ ಫಲವಾಗಿ ಮಲೆನಾಡಿನ ಬೆಳೆಗಾರರಲ್ಲಿ ಹೊಸ ಮನೆ ಕಟ್ಟಲು ಮನಸ್ಸು ಮಾಡಿದವರು ಹಲವರು. ಎಲೆಚುಕ್ಕಿ ರೋಗದಿಂದ ಕಂಗೆಟ್ಟ ಅಡಿಕೆ ಬೆಳೆಗಾರರಲ್ಲೂ, ಹಳೆಯ ಮನೆಯ ಮಾಡು ಇನ್ನು ತಾಳದೆಂದು ಕಟ್ಟಲು ಹೊರಟವರಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಈಗೀಗ ಮನೆಯ ನಕ್ಷೆಯ ಜೊತೆಗೆ ಇನ್ನೊಂದು ಪಟ್ಟಿಯೂ ಬರುತ್ತಿದೆ. ಫೋನಿನಿಂದ ಹೊತ್ತಿಸಿ ಆರಿಸುವ ದೀಪ, ಮಾತು ಕೇಳುವ ಫ್ಯಾನು, ಬೆರಳೊತ್ತಿದರೆ ತೆರೆಯುವ ಬಾಗಿಲು, ಕೋಣೆ ಕೋಣೆಗೂ ಕ್ಯಾಮೆರಾ. ಈ ಪಟ್ಟಿಯನ್ನು ಬರೆಯುವವರು ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು. ವರ್ಷದ 350 ದಿನ ಆ ಮನೆಯಲ್ಲಿ ವಾಸಿಸುವವರಾದರೋ ಅರವತ್ತು ಎಪ್ಪತ್ತು ದಾಟಿದ ತಂದೆತಾಯಿ. ಯೋಜನೆ ಹಾಕುವಾಗ ಮೊದಲು ಗಮನಿಸಬೇಕಾದದ್ದು ಈ ವ್ಯತ್ಯಾಸವನ್ನು ಎಂದು ನಾವು ಭಾವಿಸುತ್ತೇವೆ.

ನಾವು ಸ್ವಯಂಚಾಲನೆಯ ವಿರೋಧಿಗಳಲ್ಲ. ಫೋನು ಮಾಡಿ ಮೋಟಾರು ಚಾಲೂ ಮಾಡುವ ಸ್ಟಾರ್ಟರುಗಳು ನಮ್ಮ ತೋಟಗಳಿಗೆ ಬಂದು ಎಷ್ಟೋ ವರ್ಷಗಳಾದವು. ಅಪರಾತ್ರಿಯಲ್ಲಿ ಕರೆಂಟು ಬಂತೆಂದು ಟಾರ್ಚು ಹಿಡಿದು ಹೊಳೆಬದಿಗೆ ಇಳಿಯುವ ಕಷ್ಟ ಅದರಿಂದ ತಪ್ಪಿದೆ. ಆದರೆ ಆ ಸ್ಟಾರ್ಟರಿನ ಪೆಟ್ಟಿಗೆಯ ಮೇಲೆ ಕೈಯಿಂದ ಒತ್ತುವ ಗುಂಡಿ ಇದ್ದೇ ಇರುತ್ತದೆ. ಫೋನು ಕೆಟ್ಟರೂ ನೀರು ನಿಲ್ಲದು. ಮನೆಗೂ ಇದೇ ನಿಯಮವಿರಬೇಕು. ತಾನಾಗಿ ನಡೆಯುವ ಪ್ರತಿಯೊಂದಕ್ಕೂ ಗೋಡೆಯ ಮೇಲೆ, ಕೈ ಹುಡುಕುವ ಜಾಗದಲ್ಲೇ, ಮಾಮೂಲು ಸ್ವಿಚ್ಚು ಇರತಕ್ಕದ್ದು. ಇಂಟರ್‌ನೆಟ್ಟು ಇಲ್ಲದ ದಿನವೂ ದೀಪ ಹೊತ್ತತಕ್ಕದ್ದು.

ಇದು ಕೇವಲ ನಮ್ಮ ಹಳ್ಳಿಗಾಡಿನ ಅಂಜಿಕೆಯಲ್ಲ. ರಿವಾಲ್ವ್ ಎಂಬ ಮನೆ ನಿಯಂತ್ರಣದ ಪೆಟ್ಟಿಗೆಯನ್ನು ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಲಾಗಿತ್ತು. ಆ ಕಂಪನಿಯನ್ನು 2014ರಲ್ಲಿ ಕೊಂಡಿದ್ದ ನೆಸ್ಟ್ ಸಂಸ್ಥೆ 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನೇ ನಿಲ್ಲಿಸಿತು. ಪೆಟ್ಟಿಗೆ ಯಾವ ಕೆಲಸಕ್ಕೂ ಬಾರದಾಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಇನ್ನೊಂದು ಸಂಸ್ಥೆಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಗೋಡೆಯ ಸ್ವಿಚ್ಚನ್ನು ಕೈಯಿಂದ ಒತ್ತಿದವರಿಗೆ ದೀಪ ಹೊತ್ತಿತು, ಫೋನನ್ನೇ ನಂಬಿದವರಿಗೆ ಹೊತ್ತಲಿಲ್ಲ. ಕೆಲವೇ ತಿಂಗಳಲ್ಲಿ ಅದರ ಬಳಕೆದಾರರೇ ಕೆಲವರು ಕೂಡಿ ಆ ಸಂಸ್ಥೆಯನ್ನು ಕೊಂಡು ಮತ್ತೆ ನಡೆಸಿದರೆಂಬುದು ಸಹಕಾರಿಗಳಾದ ನಮಗೆ ಸ್ವಾರಸ್ಯದ ವಿಷಯ. ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯವನಲ್ಲಿ ಒಂದು ಪ್ರಶ್ನೆ ಕೇಳಿರಿ: ಹೊರಗಿನ ಸಂಪರ್ಕ ಕಡಿದರೂ ಇದು ಮನೆಯೊಳಗೆ ಕೆಲಸ ಮಾಡುವುದೆ? ಬೇರೆ ಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗಿನ ಜಾಲದಲ್ಲೇ ಹೊಂದಿ ನಡೆಯಲೆಂದು ಮ್ಯಾಟರ್ ಎಂಬ ಸಮಾನ ಮಾನದಂಡ 2022ರ ಅಕ್ಟೋಬರಿನಲ್ಲಿ ಹೊರಬಂದಿದೆ. ಆ ಗುರುತು ಇರುವುದನ್ನು ಆರಿಸುವುದು ಲೇಸು.

ಇನ್ನು ಮನೆ ಕಟ್ಟುವ ಹಂತದ ಮಾತು. ಉಪಕರಣಗಳನ್ನು ಹತ್ತು ವರ್ಷದೊಳಗೆ ಬದಲಿಸಬೇಕಾದೀತು. ಮನೆ ನಿಲ್ಲುವುದು ಐವತ್ತು ವರ್ಷ. ಆದಕಾರಣ ಮೊದಲು ಹಣ ಹಾಕಬೇಕಾದದ್ದು ಗೋಡೆಯೊಳಗಿನ ಪೈಪಿಗೆ. ತಾರಸಿಯ ಕಾಂಕ್ರೀಟು ಬೀಳುವ ಮೊದಲು, ಗೋಡೆಗೆ ಗಿಲಾವು ಆಗುವ ಮೊದಲು, ವೈರಿಂಗಿಗೆ 25 ಮಿಲಿಮೀಟರಿನ ಅಗಲ ಪೈಪು ಹಾಕಿಸಿ, ಕೆಲವನ್ನು ಖಾಲಿಯೇ ಬಿಡಿಸಿರಿ. ಸ್ವಿಚ್ಚಿನ ಪೆಟ್ಟಿಗೆ ಆಳವಾಗಿರಲಿ. ಪ್ಲಗ್ಗು ಇರುವ ಬೋರ್ಡಿಗೆ ನ್ಯೂಟ್ರಲ್ ತಂತಿ ಹೇಗೂ ಬರುತ್ತದೆ; ಮೆಟ್ಟಿಲಿನ ಬಳಿ, ಮಂಚದ ಬಳಿ ಬರೀ ಸ್ವಿಚ್ಚು ಇರುವಲ್ಲಿ ಬಾರದೆ ಇರಬಹುದು. ಸ್ವಯಂಚಾಲಿತ ಸ್ವಿಚ್ಚುಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್ ಬೇಕೇ ಬೇಕು. ಈಗ ಎಳೆಸಿದರೆ ಕೆಲವು ಗಜ ತಂತಿಯ ಖರ್ಚು, ಆಮೇಲಾದರೆ ಗೋಡೆ ಒಡೆಯುವ ಕೆಲಸ.

ದಪ್ಪ ಜಂಬಿಟ್ಟಿಗೆಯ ಗೋಡೆಯನ್ನೂ ಕಾಂಕ್ರೀಟನ್ನೂ ದಾಟಿ ಹೋಗುವಲ್ಲಿ ವೈಫೈ ಸೊರಗುತ್ತದೆ. ಜಗಲಿಗೆ, ಮಹಡಿಗೆ, ಗೇಟಿನ ಕಡೆಗೆ ಒಂದೊಂದು ನೆಟ್‌ವರ್ಕ್ ಕೇಬಲ್ಲು ಎಳೆಸಿಡುವುದು ಒಳ್ಳೆಯದು. ಒಂದೇ ಎಳೆಗೆ 100 ಮೀಟರು ಮಿತಿ. ಇದನ್ನು ಕರೆಂಟಿನ ತಂತಿಯ ಪೈಪಿನಲ್ಲಿ ಸೇರಿಸಬಾರದು. ಕಾಫಿ ಗೋದಾಮು, ಕಣಗಳಿಗೆ ಒಯ್ಯುವುದಾದರೆ ತಾಮ್ರದ ಕೇಬಲ್ಲಿಗಿಂತ ಆಪ್ಟಿಕಲ್ ಫೈಬರ್ ಮೇಲು. ಏಕೆಂದರೆ ತಾಮ್ರದ ತಂತಿ ಸಿಡಿಲಿನ ಪೆಟ್ಟನ್ನೂ ಹೊತ್ತು ತರಬಲ್ಲದು.

ಸಿಡಿಲಿನ ವಿಚಾರ ಬಂದದ್ದರಿಂದ ಒಂದು ಎಚ್ಚರಿಕೆ. ಹೂಮಳೆಯ ಕಾಲದಲ್ಲಿ ಗುಡುಗಿದೊಡನೆ ಟಿ.ವಿ.ಯ ಪ್ಲಗ್ಗು ಕಿತ್ತಿಡುವುದು ನಮ್ಮ ಮನೆಮನೆಯ ರೂಢಿ. ಗೋಡೆಯೊಳಗೆ ಕೂಡಿಸಿದ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಹಾಗೆ ಕೀಳಲಾಗದು. ಹೀಗಾಗಿ ಮೇನ್ ಬೋರ್ಡಿನಲ್ಲಿ ಸರ್ಜ್ ನಿರೋಧಕವನ್ನು ಹಾಕಿಸುವುದು ಅನಿವಾರ್ಯ. ಅದು ಫಲ ಕೊಡಬೇಕಾದರೆ ಅರ್ಥಿಂಗ್ ಸರಿಯಿರಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಮಳೆಗಾಲದಲ್ಲಿ ಅಳೆದು ತೃಪ್ತಿಪಡದೆ ಮಾರ್ಚಿನಲ್ಲಿ ಅಳೆಸಿರಿ. ಮನುಷ್ಯರ ಪ್ರಾಣರಕ್ಷಣೆಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು. ಇಷ್ಟನ್ನು ಬಿಟ್ಟು ಮಾತು ಕೇಳುವ ಫ್ಯಾನಿಗೆ ಹಣ ಸುರಿಯುವುದು ಬೇಲಿಯಿಲ್ಲದ ತೋಟಕ್ಕೆ ಗೊಬ್ಬರ ಹಾಕಿದಂತೆ.

ಹಾಗಾದರೆ ಹಿರಿಯರಿರುವ ಮನೆಗೆ ನಿಜಕ್ಕೂ ಬೇಕಾದುದೇನು? ಮೊದಲನೆಯದು, ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಹೆಜ್ಜೆಯಿಟ್ಟೊಡನೆ ತಾನೇ ಹೊತ್ತುವ ಸಣ್ಣ ದೀಪಗಳು. ರಾತ್ರಿ ಎದ್ದವರು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಘಟ್ಟದ ದಾರಿಯಲ್ಲಿ ಆಸ್ಪತ್ರೆ ಸೇರುವುದು ಸುಲಭವಲ್ಲ. ಈ ದೀಪಕ್ಕೆ ಫೋನೂ ಬೇಡ, ಇಂಟರ್‌ನೆಟ್ಟೂ ಬೇಡ. ಇನ್ವರ್ಟರಿನ ಸಾಲಿಗೆ ಸೇರಿಸಿದರೆ ಸಾಕು. ಎರಡನೆಯದು, ಮಂಚದ ಬಳಿ ಮತ್ತು ಬಚ್ಚಲಿನಲ್ಲಿ ಒತ್ತಿದರೆ ನೆರೆಮನೆಗೋ ಲೈನ್ ಮನೆಗೋ ಕೇಳುವ ಗಂಟೆ. ಮೂರನೆಯದು, ಟ್ಯಾಂಕು ತುಂಬಿದಾಗ ಪಂಪನ್ನು ನಿಲ್ಲಿಸುವ ಸಾಧನ. ನಾಲ್ಕನೆಯದು ಗ್ಯಾಸು ಸೋರಿದರೆ ಕೂಗುವ ಅಲಾರಂ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಆದ್ದರಿಂದ ಅಲಾರಂ ನೆಲದ ಸಮೀಪವಿರಬೇಕು. ಗೋಬರ್ ಗ್ಯಾಸಿನ ಮೀಥೇನ್ ಹಗುರ, ಅದಕ್ಕೆ ಸೂರಿನ ಬಳಿ ಬೇಕು. ಸೋರಿಕೆಯಾದಾಗ ಫ್ಯಾನು ತಾನೇ ತಿರುಗುವ ಏರ್ಪಾಡು ಮಾತ್ರ ಬೇಡ. ಸ್ವಿಚ್ಚಿನ ಕಿಡಿಯೇ ಅನಾಹುತಕ್ಕೆ ಸಾಕು.

ಕ್ಯಾಮೆರಾದ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ಗೇಟಿಗೆ, ಅಂಗಳಕ್ಕೆ, ಕಣಕ್ಕೆ ಇರಲಿ. ಕಾಳುಮೆಣಸು, ಕಾಫಿ, ಅಡಿಕೆ ಕಳವಾಗುವ ಕಾಲದಲ್ಲಿ ಅದು ಬೇಕಾದದ್ದೇ. ಆದರೆ ತಂದೆತಾಯಿ ಊಟ ಮಾಡುವ, ಮಲಗುವ ಕೋಣೆಗಳಿಗೆ ಅವರ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಇಡಬಾರದು. ‘ನಿಮ್ಮ ಕ್ಷೇಮಕ್ಕಾಗಿ’ ಎಂದು ಮಕ್ಕಳು ಹೇಳುವ ಮಾತು ಪ್ರೀತಿಯದೇ ಇರಬಹುದು. ಆದರೂ ಸ್ವಂತ ಮನೆಯಲ್ಲಿ ಸದಾ ಯಾರದೋ ಕಣ್ಣಿನ ಕೆಳಗೆ ಬದುಕುವುದು ಹಿರಿಯರಿಗೆ ಶೋಭೆಯಲ್ಲ. ಕ್ಷೇಮ ವಿಚಾರಿಸಲು ದಿನಕ್ಕೊಂದು ಫೋನು ಮಾಡುವುದನ್ನು ಯಾವ ಯಂತ್ರವೂ ಮಕ್ಕಳ ಪರವಾಗಿ ಮಾಡಲಾರದು.

ಕೊನೆಯದಾಗಿ, ಯಾವ ಪೈಪು ಎಲ್ಲಿ ಹೋಗಿದೆ, ಯಾವ ಸ್ವಿಚ್ಚು ಯಾವುದಕ್ಕೆ, ಪಾಸ್‌ವರ್ಡುಗಳೇನು ಎಂಬುದನ್ನೆಲ್ಲ ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆಯಲ್ಲಿಡಿ. ಗಿಲಾವಿಗೆ ಮೊದಲು ಗೋಡೆಗಳ ಫೋಟೋ ತೆಗೆದಿಡಿ. ಬರುವ ಬೇಸಿಗೆಯಲ್ಲಿ ತಾರಸಿ ಹಾಕಿಸುವ ಸದಸ್ಯರು ಮೇಸ್ತ್ರಿಯನ್ನೂ ವೈರಿಂಗಿನವರನ್ನೂ ಈಗಲೇ ಒಟ್ಟಿಗೆ ಕೂರಿಸಿ ಮಾತಾಡಿಕೊಳ್ಳುವುದು ಒಳ್ಳೆಯದು. ಆ ಮಾತುಕತೆಯಲ್ಲಿ ಮನೆಯ ಹಿರಿಯರೂ ಕುಳಿತಿರಲಿ. ಯಾವ ಸ್ವಿಚ್ಚು ಎಲ್ಲಿರಬೇಕೆಂದು ಮೊದಲು ಅವರನ್ನು ಕೇಳಿರಿ.