ಆರೋಗ್ಯ ಅಂಕಣ: ಸಕ್ಕರೆ ಕಾಯಿಲೆ – ಹೇಳುವ ಮುನ್ನ ಕೇಳೋಣ



ಕಳೆದ ಸಂಚಿಕೆಯಲ್ಲಿ ರಕ್ತದೊತ್ತಡದ ಬಗ್ಗೆ ಬರೆದಿದ್ದೆ. ಈ ಸಲ ಅದರ ಜೊತೆಗಾರ ಸಕ್ಕರೆ ಕಾಯಿಲೆಯ ಸರದಿ. ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಅದೇ ತಿಂಗಳ 14 ವಿಶ್ವ ಮಧುಮೇಹ ದಿನ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಕುವೈತ್‌ನ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಇದಕ್ಕೆಂದೇ 2006ರಲ್ಲಿ ಇಲ್ಲಿ ದಸ್ಮಾನ್ ಮಧುಮೇಹ ಸಂಸ್ಥೆ ಆರಂಭವಾಯಿತು. ಆದರೂ ನಮ್ಮವರಿಗೆ ಬೇಕಾದ ತಿಳುವಳಿಕೆ ಬೇಕಾದ ಹಾಗೆ ತಲುಪುತ್ತಿಲ್ಲ.

ಶಿಬಿರ ಎಂದರೆ ನಾವು ಮಾಡುವುದೇನು? ಒಂದು ಭಾಷಣ, "ಸಿಹಿ ಬಿಡಿ, ನಡೆಯಿರಿ" ಎಂಬ ಉಪದೇಶ, ಚಪ್ಪಾಳೆ. ಆಮೇಲೆ ಊಟಕ್ಕೆ ಹೋಳಿಗೆ!

ಅಬ್ಬಾಸಿಯಾದ ಕೋಣೆಯಲ್ಲಿ ನಾಲ್ಕೈದು ಜನರೊಂದಿಗೆ ಇರುವವರಿಗೆ ಅಡುಗೆ ಸರದಿಯದು, ಖುಬ್ಬೂಸ್ ಅಗ್ಗದ್ದು. "ಅನ್ನ ಕಡಿಮೆ ಮಾಡಿ" ಎಂದರೆ ಅವರು ಅದರ ಬದಲು ಏನು ತಿನ್ನಬೇಕು? ಬೆಲ್ಲದಿಂದ ಏನೂ ಆಗದು, ರಾಗಿ ಮುದ್ದೆ ಎಷ್ಟು ತಿಂದರೂ ಸರಿ ಎಂದು ನಂಬಿದ ಮನೆಗಳನ್ನೂ ನಾನು ಕಂಡಿದ್ದೇನೆ. ಬೆಲ್ಲವೂ ಸಕ್ಕರೆಯೇ. ರಾಗಿಯಲ್ಲಿ ನಾರು ಹೆಚ್ಚು ನಿಜ, ಆದರೆ ಪಿಷ್ಟ ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ಮುದ್ದೆಯ ಗಾತ್ರ ನೋಡಿಕೊಳ್ಳಬೇಕು.

ಬಿಸಿಲಿನ ಮಾತು ಇನ್ನೂ ಮುಖ್ಯ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡಿದು. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಕಾರಿನಲ್ಲಿ ಬಿಟ್ಟ ಇನ್ಸುಲಿನ್ ಕೆಟ್ಟರೂ ನೋಡಲು ಮೊದಲಿನಂತೆಯೇ ಇರಬಹುದು! ಊರಿಗೆ ಹೋಗುವಾಗ ಅದನ್ನು ಕೈಚೀಲದಲ್ಲೇ ಒಯ್ಯಿರಿ. ವಿಮಾನದ ಲಗೇಜಿನಲ್ಲಿ ಅದು ಹೆಪ್ಪುಗಟ್ಟಬಹುದು.

ಸಕ್ಕರೆ ಇಳಿದಾಗ ಬೆವರು, ನಡುಕ, ತಲೆಸುತ್ತು ಬರುತ್ತವೆ. ಬಿಸಿಲಿನಲ್ಲಿ ದುಡಿಯುವವರು ಅದನ್ನು ಸೆಕೆ ಎಂದುಕೊಂಡು ಬರೀ ನೀರು ಕುಡಿದು ಕೂರುತ್ತಾರೆ. ಅವರಿಗೆ ಬೇಕಾದದ್ದು ಮೂರು ಚಮಚ ಸಕ್ಕರೆ ಅಥವಾ ಅರ್ಧ ಲೋಟ ಹಣ್ಣಿನ ರಸ, 15 ನಿಮಿಷದ ಬಳಿಕ ಮತ್ತೆ ಪರೀಕ್ಷೆ. ವಾಹನ ಓಡಿಸುವವರಾದರೆ ಮೊದಲು ಗಾಡಿ ನಿಲ್ಲಿಸಬೇಕು. ಇದನ್ನು ಕಾಯಿಲೆಯವರಷ್ಟೇ ಅಲ್ಲ, ಕೋಣೆಯ ಗೆಳೆಯರೂ ತಿಳಿದಿರಬೇಕು.

ಇನ್ನು ಊರಿನಿಂದ ವರ್ಷಕ್ಕಾಗುವಷ್ಟು ಮಾತ್ರೆ ತರುವವರು. ಮಾತ್ರೆ ತಪ್ಪಿಸುವುದಿಲ್ಲ, ಪರೀಕ್ಷೆ ಮಾತ್ರ ಮಾಡಿಸುವುದಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂದರೇನೆಂದು ಅವರಿಗೆ ಯಾರೂ ಕನ್ನಡದಲ್ಲಿ ಹೇಳಿಲ್ಲ. ವೈದ್ಯರು ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದ್ದಕ್ಕೆ ನಮ್ಮವರು ತಲೆಯಾಡಿಸಿ ಬರುತ್ತಾರೆ. ಆ ತಲೆಯಾಡಿಸುವಿಕೆಯನ್ನು ನಾನಂತೂ ನಂಬುವುದಿಲ್ಲ.

ಆದ್ದರಿಂದ ಮುಂದಿನ ಶಿಬಿರದಲ್ಲಿ ಭಾಷಣ ಅರ್ಧಕ್ಕೆ ಇಳಿಸೋಣ. ಒಬ್ಬೊಬ್ಬರ ಪಕ್ಕ ಕೂತು, ತುಳುವಿನವರಿಗೆ ತುಳುವಿನಲ್ಲೇ, ಕೇಳೋಣ: ನಿನ್ನೆ ಏನೇನು ತಿಂದಿರಿ? ಅಡುಗೆ ಯಾರದು? ಇನ್ಸುಲಿನ್ ಎಲ್ಲಿಡುತ್ತೀರಿ, ಹೇಗೆ ಚುಚ್ಚಿಕೊಳ್ಳುತ್ತೀರಿ, ತೋರಿಸಿ. ಅಂಗಾಲು ನೋಡಿಕೊಂಡು ಎಷ್ಟು ದಿನವಾಯಿತು? ನಿಮಗೆ ಯಾವುದರ ಭಯ? ಉತ್ತರಗಳನ್ನು ಹೆಸರಿಲ್ಲದೆ ಬರೆದುಕೊಂಡರೆ ಸಾಕು, ಏನು ಕಲಿಸಬೇಕೆಂದು ಅವರೇ ಹೇಳಿರುತ್ತಾರೆ. ಜೊತೆಗೂಡುವ ದಾದಿಯರು, ವೈದ್ಯರು ಕೂಟದ ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಹೋಳಿಗೆಯ ವಿಷಯ ಅಡುಗೆ ಸಮಿತಿಯೊಂದಿಗೆ ನಾನು ಮಾತಾಡುತ್ತೇನೆ.